ಸಹಿ ಓದಲಾಗದ ಹಳೆಯ ಪಟಗಳ ಕಾಲನಿರ್ಣಯ: ಶಾಸನ ಓದುವವರ ದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಿತ್ರರು ಮೊದಲೆಲ್ಲ ನನಗೆ ಕಳಿಸುತ್ತಿದ್ದದ್ದು ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋ ಮಾತ್ರ. ಈಚೆಗೆ ಪಟಗಳೂ ಬರ್ತಾ ಇವೆ. ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಸಿಕ್ಕಿದ್ದು, ದೇವರಕೋಣೆಯಲ್ಲಿ ಹೊಗೆ ಹಿಡಿದು ಕಪ್ಪಾದದ್ದು, ಪೇಟ ಸುತ್ತಿದ ಯಾರೋ ಹಿರಿಯರದ್ದು. "ಕಲ್ಲಿನ ಮೇಲೆ ಸವೆದದ್ದನ್ನೇ ಓದ್ತೀರಿ, ಇದನ್ನ ಓದಕ್ಕಾಗಲ್ವಾ?" ಅನ್ನೋದು ಪ್ರಶ್ನೆ. ಪಟದ ಕೆಳಗೆ, ಬಲಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಏನೋ ಬರೆದಿರುತ್ತದೆ. ಆ ಮೂಲೆಯ ಫೋಟೋ ಒಂದನ್ನೇ ಕಳಿಸಿರುತ್ತಾರೆ.

ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಇರುತ್ತದೆ. ಹಳೇ ಸಾಮಾನು ಕೊಳ್ಳುವವರು ಊರೂರು ತಿರುಗುತ್ತಾರೆ. ಒಬ್ಬರು "ಇದು ರವಿವರ್ಮಂದು, ಯಾರಿಗೂ ಕೊಡಬೇಡಿ" ಅಂತಾರೆ, ಇನ್ನೊಬ್ಬರು "ಬರೀ ಪ್ರಿಂಟು, ಗಾಜಿನ ಬೆಲೆ ಕೊಡ್ತೀನಿ" ಅಂತಾರೆ. ಮನೆಯವರು ಮಧ್ಯದಲ್ಲಿ. ಅವಸರದಲ್ಲಿ ಆ ಮೂಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಕಲ್ಲು ತಡೆದುಕೊಳ್ಳುತ್ತದೆ, ಬಣ್ಣ ತಡೆಯೋದಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಾನು ಚಿತ್ರಕಲೆ ಓದಿದವನಲ್ಲ, ಎಂಜಿನಿಯರ್. ಶಾಸನ ಓದುತ್ತಾ ಕಲಿತ ಪಾಠ ಪಟಕ್ಕೆ ಎಷ್ಟು ಹೊಂದುತ್ತದೋ ಅಷ್ಟನ್ನು ಮಾತ್ರ ಹೇಳುತ್ತೇನೆ.

ಮೊದಲನೆಯ ಮಾತು: ಸಹಿ ಅಂದರೆ ಮಾಡಿದವನ ಹೆಸರು ಅಂತ ಹಿಡಿಯಬಾರದು. ನಮ್ಮ ಶಾಸನಗಳನ್ನೇ ನೋಡಿ. ವಿಜಯನಗರದ ತಾಮ್ರಶಾಸನಗಳಲ್ಲಿ ಪಠ್ಯವೆಲ್ಲ ಸಂಸ್ಕೃತ, ಲಿಪಿ ನಂದಿನಾಗರಿ. ಕೊನೆಯಲ್ಲಿ ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿ "ಶ್ರೀ ವಿರೂಪಾಕ್ಷ". ಅದೇ ರಾಜನ ಅಂಕಿತ. ದೇವರಾಯನಿಗೂ ಅದೇ, ಕೃಷ್ಣದೇವರಾಯನಿಗೂ ಅದೇ. ಚನ್ನಗಿರಿ ಸೀಮೆಯನ್ನು ಆಳಿದ ಕೆಳದಿ ಅರಸರದ್ದು "ಶ್ರೀ ಸದಾಶಿವ". ಅಂಕಿತವನ್ನು ಸ್ಪಷ್ಟವಾಗಿ ಓದಿದರೂ ಯಾವ ರಾಜ ಅಂತ ಗೊತ್ತಾಗುವುದಿಲ್ಲ. ಯಾವ ಮನೆತನ ಅಂತ ಗೊತ್ತಾಗುತ್ತದೆ, ಅಷ್ಟೆ.

ಕಲಾವಿದರ ಸಹಿಗೂ ನಮ್ಮಲ್ಲಿ ಒಳ್ಳೆಯ ಉದಾಹರಣೆ ಇದೆ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮ ಕೆಲವು ವಿಗ್ರಹಗಳ ಕೆಳಗೆ ಪೂರ್ತಿ ಹೆಸರು ಹಾಕಿದ್ದಾನೆ, ಕೆಲವೆಡೆ "ಮಲ್ಲಿ", ಕೆಲವೆಡೆ ಬರೀ "ಮ". ಅಮೃತಾಪುರದಿಂದ ಸೋಮನಾಥಪುರದವರೆಗೆ, ಅಂದರೆ 1196ರಿಂದ ಮುಂದಿನ ಅರವತ್ತು ವರ್ಷಕ್ಕೂ ಮೀರಿ ಈ ಹೆಸರು ಕಾಣಿಸುತ್ತದೆ. ಸೋಮನಾಥಪುರದ ಒಂದು "ಮ"ವನ್ನು ಮಾತ್ರ ಯಾರಾದರೂ ಕ್ಲೋಸಪ್ ತೆಗೆದು ಕಳಿಸಿದ್ದರೆ ನಾವು ಏನು ಹೇಳಬಹುದಿತ್ತು? ಏನೂ ಇಲ್ಲ. ಪಕ್ಕದ ವಿಗ್ರಹದಲ್ಲಿ "ಮಲ್ಲಿ", ಅದರಾಚೆ "ಮಲ್ಲಿತಮ್ಮ" ಇರೋದರಿಂದ, ಕೆತ್ತನೆಯ ಕೈ ಹೋಲುವುದರಿಂದ, ಆ ಒಂದಕ್ಷರಕ್ಕೆ ಅರ್ಥ ಬಂತು. ಬೇಲೂರಿನಲ್ಲಿ ಇದಕ್ಕೆ ಉಲ್ಟಾ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಿಂದ ಹೋದ ದಾಸೋಜ, ಅವನ ಮಗ ಚಾವಣ, ಊರು ಬಿರುದು ಎಲ್ಲ ಸೇರಿಸಿ ಸಹಿ ಹಾಕಿದ್ದಾರೆ.

ಎರಡನೆಯದು: ಹೆಸರು ನಿಜವಾಗಿದ್ದರೂ ವಸ್ತು ಆ ಹೆಸರಿನ ಕಾಲದ್ದಾಗಿರಬೇಕಿಲ್ಲ. ಹಳೆಯ ಶಿವಮೊಗ್ಗ ಜಿಲ್ಲೆಯಲ್ಲಿ ಸಿಕ್ಕ ಕೆಲವು ತಾಮ್ರಪಟಗಳು ಮಹಾಭಾರತದ ಜನಮೇಜಯ ಚಕ್ರವರ್ತಿಯೇ ದಾನ ಕೊಟ್ಟದ್ದು ಅಂತ ಹೇಳಿಕೊಳ್ಳುತ್ತವೆ. (ಚನ್ನಗಿರಿ, ಹೊನ್ನಾಳಿಗಳು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾದದ್ದು ಇನ್ನೂ ಈಚೆಗೆ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹುಡುಕುವವರು ಚನ್ನಗಿರಿ-ಹೊನ್ನಾಳಿಗೆ 7ನೇ ಸಂಪುಟ, ಜಗಳೂರಿಗೆ 11ನೇ ಸಂಪುಟ ತೆಗೆಯಬೇಕು, ನ್ಯಾಮತಿಯನ್ನು ಹೊನ್ನಾಳಿಯೊಳಗೆ ಹುಡುಕಬೇಕು.) ಆ ತಾಮ್ರಪಟಗಳಲ್ಲಿ ಜನಮೇಜಯ ಅನ್ನುವ ಹೆಸರು ಓದುವುದಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಲಿಪಿ ಮಧ್ಯಯುಗದ್ದು. ಹೆಸರನ್ನೂ ಅಕ್ಷರದ ರೂಪವನ್ನೂ ಎದುರು ಬದುರು ಇಟ್ಟಾಗ ನಾವು ನಂಬುವುದು ಅಕ್ಷರದ ರೂಪವನ್ನು.

ರವಿವರ್ಮನ ವಿಷಯದಲ್ಲಿ ಆಗುವುದು ಇದೇ, ಮೋಸದ ಉದ್ದೇಶ ಇಲ್ಲದೆಯೇ. ಅವರ ಹೆಸರಿನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಆಮೇಲೆ ಲೋನಾವಳಾ ಕಡೆಗೆ ಹೋಯಿತು, ಜರ್ಮನಿಯ ಶ್ಲೈಶರ್ ಅನ್ನುವವರ ಕೈಗೆ ಬಂತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಲಕ್ಷ್ಮಿ, ಸರಸ್ವತಿಯರು ಅಚ್ಚಾಗುವುದು ನಿಲ್ಲಲಿಲ್ಲ. ಮೂಲ ಚಿತ್ರದ ಸಹಿಯೂ ಚಿತ್ರದ ಜೊತೆಗೇ ಕಲ್ಲಚ್ಚಿಗೆ ಇಳಿದಿರುತ್ತದೆ. ಈ ಓಲಿಯೋಗ್ರಾಫುಗಳಿಗೆ ವಾರ್ನಿಷ್ ಬಳಿದು, ಕೆಲವಕ್ಕೆ ಕ್ಯಾನ್ವಾಸಿನ ನೇಯ್ಗೆಯ ಹಾಗೆ ಉಬ್ಬು ಒತ್ತಿ, ಎಣ್ಣೆಬಣ್ಣದ ಚಿತ್ರದ ಹಾಗೇ ಕಾಣುವಂತೆ ಮಾಡುತ್ತಿದ್ದರು. ನೂರು ವರ್ಷದ ಹೊಗೆ ಸೇರಿದರೆ ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟು ಕೆನ್ನೆಯ ಬಣ್ಣ ನೋಡಿ. ಕುಂಚದ ಎಳೆ ಕಂಡರೆ ಕೈಯಿಂದ ಬರೆದದ್ದು, ಬೇರೆ ಬೇರೆ ಬಣ್ಣದ ಪುಟ್ಟ ಪುಟ್ಟ ಚುಕ್ಕೆ ಕಂಡರೆ ಅಚ್ಚು. ಪ್ರೆಸ್ಸಿನ ಹೆಸರು ಕೆಳಗಿನ ಬಿಳಿ ಅಂಚಿನಲ್ಲಿ ಇರುತ್ತಿತ್ತು. ಕಟ್ಟು ಹಾಕುವವರು ಫ್ರೇಮಿನ ಅಳತೆಗೆ ಅಂಚು ಕತ್ತರಿಸಿಬಿಡುತ್ತಿದ್ದರು. ಹೀಗಾಗಿ ನಮ್ಮ ಕೈಗೆ ಬರುವಾಗ ಸಹಿ ಉಳಿದಿರುತ್ತದೆ, ವಿಳಾಸ ಹೋಗಿರುತ್ತದೆ.

ಅಚ್ಚು ಅಂದ ಕೂಡಲೇ ಎಸೆಯುವ ವಸ್ತು ಅಂತಲ್ಲ, ಹಳೆಯ ಓಲಿಯೋಗ್ರಾಫನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಇನ್ನು ನಿಜವಾಗಿಯೂ ರವಿವರ್ಮನ ಕೈಯದೇ ಆಗಿದ್ದರೆ ವಿಷಯ ಕಾನೂನಿಗೂ ಹೋಗುತ್ತದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಕೆಳಗೆ ರವಿವರ್ಮನ ಕೃತಿಗಳು ಕಲಾನಿಧಿ ಅಂತ ಘೋಷಣೆಯಾಗಿವೆ. ಮನೆಯವರು ತಾವಾಗಿ ದೇಶದ ಹೊರಗೆ ಕಳಿಸುವ ಹಾಗಿಲ್ಲ. ಇಂಥ ಘೋಷಣೆ ಇಲ್ಲದ ಪಟವೂ ನೂರು ವರ್ಷ ದಾಟಿದ್ದರೆ ಪ್ರಾಚ್ಯವಸ್ತುವೇ. ಹಾಗಾಗಿ "ಯಾರದು, ಯಾವಾಗಿನದು" ಅನ್ನೋದು ಕುತೂಹಲದ ಪ್ರಶ್ನೆ ಮಾತ್ರ ಅಲ್ಲ.

ಈಗ, ಹೆಸರೇ ಸಹಾಯಕ್ಕೆ ಬಾರದ ಒಂದು ಪಟ ಗುರುತು ಸಿಕ್ಕ ಕಥೆ. ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಥಾಮಸ್ ಹಿಕಿ (1741-1824) ಡಬ್ಲಿನ್ನಿನ ಚಿತ್ರಕಾರ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣ, ಮೈಸೂರುಗಳಲ್ಲಿದ್ದು ಟಿಪ್ಪುವಿನ ಮಕ್ಕಳನ್ನು, ದಿವಾನ್ ಪೂರ್ಣಯ್ಯನವರನ್ನು, ಒಡೆಯರ ಮನೆತನದವರನ್ನು ಬರೆದ. ಅವನ ಒಂದು ದೊಡ್ಡ ತೈಲಚಿತ್ರದಲ್ಲಿ ಮೂರು ಜನ ಹೆಂಗಸರು ನಿಂತಿದ್ದಾರೆ. ಸುಮಾರು 1805ರದ್ದು. ಚಿತ್ರಕಾರ ಗೊತ್ತು, ಕಾಲ ಗೊತ್ತು, ಚಿತ್ರದಲ್ಲಿರುವವರು ಯಾರು ಅಂತ ಗೊತ್ತಿರಲಿಲ್ಲ. ನರ್ತಕಿಯರೋ ವೇಶ್ಯೆಯರೋ ಇರಬೇಕು ಅಂತ ಬಹಳ ಕಾಲ ನಡೆದುಕೊಂಡು ಬಂತು. ಅರಮನೆ ಹೆಂಗಸರು ಪರದೇಶದವನ ಮುಂದೆ ಹೀಗೆ ನಿಲ್ಲುತ್ತಾರೆಯೇ ಅನ್ನುವ ಊಹೆ ಬಿಟ್ಟರೆ ಅದಕ್ಕೆ ಆಧಾರ ಇರಲಿಲ್ಲ.

ಮೈಸೂರಿನ ಇತಿಹಾಸದ ಮೇಲೆ ಕೆಲಸ ಮಾಡಿದ ಕೇಂಬ್ರಿಡ್ಜಿನ ನೈಜಲ್ ಚಾನ್ಸೆಲರ್ ಇದನ್ನು ಒಪ್ಪಲಿಲ್ಲ. 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಹೇಳಿದ್ದು: ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಎಡಗಡೆಯಾಕೆ ಹಿರಿಯ ರಾಣಿ, ಆಕೆಯ ಹೆಸರೂ ದೇವಾಜಮ್ಮಣ್ಣಿ, ನಡುವೆ ಇರುವವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ. ಚಿತ್ರ ಬರೆಸಿದ್ದು ಸಿಡುಬಿನ ಲಸಿಕೆಯ ಪ್ರಚಾರಕ್ಕೆ. ಕಿರಿಯ ರಾಣಿಯ ಎಡತೋಳಿನ ಮೇಲೆ ಸೆರಗು ಇರಬೇಕಿತ್ತು, ಇಲ್ಲ. ಬಲಗೈ ಆ ತೋಳಿನ ಕಡೆ ತೋರಿಸುತ್ತಿದೆ: ಲಸಿಕೆ ಚುಚ್ಚಿದ ಜಾಗ. ಹಿರಿಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದ ಗುರುತು: ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಯದ್ದು. ಜೆನ್ನರ್ ತನ್ನ ಲಸಿಕೆಯ ವಿಷಯ ಪ್ರಕಟಿಸಿದ್ದು 1798ರಲ್ಲಿ, ಅದು ಭಾರತಕ್ಕೆ ಬಂದು ಮುಂಬಯಿಯಲ್ಲಿ ಒಂದು ಮಗುವಿಗೆ ಹಾಕಿದ್ದು 1802ರ ಜೂನಿನಲ್ಲಿ. ಮೂರೇ ವರ್ಷದಲ್ಲಿ ಮೈಸೂರಿನ ರಾಣಿಯ ತೋಳು!

ಶಾಸನ ಓದುವವರ ಕಣ್ಣಿನಿಂದ ಈ ವಾದವನ್ನು ಬಿಚ್ಚಿ ನೋಡೋಣ. ಅವರು ಕೊಟ್ಟ ಆಧಾರಗಳು ಒಂದೇ ತೂಕದವಲ್ಲ. ಅತ್ಯಂತ ಗಟ್ಟಿಯಾದದ್ದು ಚಿತ್ರದ ಹೊರಗಿನದು. ರಾಜನ ಮದುವೆಯ ದಾಖಲೆಯ ಕಾಲ ಚಿತ್ರದ ಕಾಲಕ್ಕೆ ಕೂಡುತ್ತದೆ. 1806ರ ಜುಲೈನ ದಾಖಲೆಯೊಂದು, ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡದ್ದರಿಂದ ಜನರ ಮೇಲೆ ಒಳ್ಳೆಯ ಪರಿಣಾಮ ಆಯಿತು ಅನ್ನುತ್ತದೆ. ಇದು ನಮ್ಮಲ್ಲಿ ಒಂದು ಶಾಸನದಲ್ಲಿ ಬರುವ ಯುದ್ಧ ಬೇರೆ ರಾಜನ ಶಾಸನದಲ್ಲೂ ಸಿಕ್ಕ ಹಾಗೆ. ಎರಡನೆಯದು ಆಭರಣ. ತೋಳಿನ ಭಾರಿ ಚಿನ್ನದ ಒಡವೆ, ತಲೆಯ ಮೇಲಿನದು, ಇವು ಒಡೆಯರ ರಾಣಿಯರವೇ ಅಂತ ಅವರ ವಾದ. ನಮ್ಮ ಲಿಪಿಲಕ್ಷಣಕ್ಕೆ ಸಮಾನ ಇದು: ಮನೆತನ ಹೇಳಬಹುದು, ವ್ಯಕ್ತಿಯನ್ನು ಹೇಳಲಾಗದು. ಹಿಕಿ ಮೊದಲೇ ಅರಮನೆಯವರನ್ನು ಬರೆದಿದ್ದ ಅನ್ನೋದು ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಸಾಬೀತು ಮಾಡುವುದಿಲ್ಲ. ಬಾಯಿಯ ಸುತ್ತಲಿನ ಬಣ್ಣದ ಮೇಲೆ ನಾನಾದರೆ ಅಷ್ಟು ಭಾರ ಹಾಕುತ್ತಿರಲಿಲ್ಲ. ಇನ್ನೂರು ವರ್ಷದ ವಾರ್ನಿಷ್, ರಿಪೇರಿ ಏನು ಬೇಕಾದರೂ ಮಾಡಿರಬಹುದು. ಇನ್ನು ಅವರ ನೋಟದಲ್ಲಿರುವ ನೇರತನ ಮನಸ್ಸನ್ನು ಹಿಡಿಯುತ್ತದೆ ಅನ್ನುವ ಮಾತು ಇದೆಯಲ್ಲ, ಅದು ರಸಿಕನ ಮಾತು. ಆಧಾರದ ಪಟ್ಟಿಯಲ್ಲಿ ಸೇರಿಸುವಂಥದ್ದಲ್ಲ.

ಆದರೂ ಒಟ್ಟು ವಾದ ನಿಲ್ಲುತ್ತದೆ ಅಂತಲೇ ನನ್ನ ಅಭಿಪ್ರಾಯ. ಬೇರೆ ಬೇರೆ ಕಡೆಯಿಂದ ಬಂದ ಆಧಾರಗಳು ಒಂದೇ ಜಾಗದಲ್ಲಿ ಸೇರುತ್ತಿವೆ. 2007ರಲ್ಲಿ ಸೋದೆಬೀಸ್ ಈ ಚಿತ್ರವನ್ನು ಹರಾಜು ಹಾಕಿತು. ಕೊರೋನಾ ವರ್ಷದಲ್ಲಿ ಪತ್ರಿಕೆಗಳು ಮತ್ತೆ ಈ ಕಥೆ ತೆಗೆದಾಗ ಎಷ್ಟೋ ಜನ ಕನ್ನಡಿಗರು ಮೊದಲ ಸಲ ನೋಡಿದರು. ಹೆಸರಿಲ್ಲದ ನರ್ತಕಿಯರಾಗಿದ್ದವರು ರಾಣಿಯರಾಗಿದ್ದು ಮೂಲೆಯ ಸಹಿ ಓದಿದ್ದರಿಂದ ಅಲ್ಲ.

ಪಟಕ್ಕೆ ಒಂದೇ ಕಾಲ ಇರಬೇಕು ಅಂತಲೂ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು. ಗೋಡೆಯ ಮೇಲಿನ ಚಿತ್ರ 1780ರ ಪೊಳ್ಳಿಲೂರು ಯುದ್ಧದ್ದು. 1799ರ ಹೊತ್ತಿಗೆ ಅದು ಹಾಳಾಗಿತ್ತು. ಅಲ್ಲಿ ವಾಸವಿದ್ದ ವೆಲ್ಲೆಸ್ಲಿ ಮತ್ತೆ ಬರೆಸಿದ. ಆಮೇಲೆ ಸುಣ್ಣ ಬಳಿದರು. 1850ರ ದಶಕದಲ್ಲಿ ಡಾಲ್‌ಹೌಸಿ ಬಂದಾಗ, ಹಳೆಯದನ್ನು ನೆನಪಿಟ್ಟುಕೊಂಡಿದ್ದ ಸ್ಥಳೀಯ ಚಿತ್ರಕಾರನಿಂದ ಮತ್ತೊಮ್ಮೆ ಬರೆಸಲಾಯಿತು. ಈಗ ನಾವು ನೋಡುವ ಕುದುರೆಯ ಕಾಲು ಯಾವ ವರ್ಷದ್ದು? ರಚನೆ ಹದಿನೆಂಟನೆಯ ಶತಮಾನದ್ದು, ಬಣ್ಣ ಬಹುಪಾಲು ಹತ್ತೊಂಬತ್ತನೆಯದು. ನಮ್ಮ ಕಡೆಯ ಗುಡಿಗಳಲ್ಲಿ ಜಾತ್ರೆಗೆ ಮುಂಚೆ ಎನಾಮಲ್ ಬಳಿಯುವಾಗ ಆಗುತ್ತಿರುವುದೂ ಇದೇ, ನೆನಪಿಟ್ಟುಕೊಂಡ ಚಿತ್ರಕಾರ ಮಾತ್ರ ಇರುವುದಿಲ್ಲ.

ಇನ್ನು ಅಕ್ಷರ, ಅಂಕಿಗೆ ಬರೋಣ. ಕನ್ನಡದಲ್ಲಿ ಬರೆದ ಪಟಗಳಲ್ಲಿ ಸಹಿಗಿಂತ ಸಂವತ್ಸರದ ಹೆಸರು ಸಿಕ್ಕರೆ ಹೆಚ್ಚು ಖುಷಿ ಪಡಿ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ಬಹುಪಾಲು ಹೆಸರು ಹಾಕುತ್ತಲೇ ಇರಲಿಲ್ಲ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಕಲ್ಪಿತ ಉದಾಹರಣೆ. ಪಟದ ಕೆಳಗೆ "ಶಕ ೧೭, ಆಮೇಲೆ ೬ ಅಥವಾ ೯, ಆಮೇಲೆ ೩, ಪ್ಲವ ಸಂ" ಅಂತ ಕಾಣುತ್ತಿದೆ ಅಂತಿಟ್ಟುಕೊಳ್ಳಿ. ಮಾಸಿದ ಬರಹದಲ್ಲಿ ೬ ಮತ್ತು ೯ ಬೇರೆ ಮಾಡುವುದು ಕಲ್ಲಿನಲ್ಲೂ ಕಷ್ಟ, ಬಟ್ಟೆಯಲ್ಲೂ ಕಷ್ಟ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಸೊನ್ನೆ ಉಳಿದರೆ ಅಕ್ಷಯ. 1763ಕ್ಕೆ 12 ಸೇರಿದರೆ 1775, ಶೇಷ 35, ಅಂದರೆ ಪ್ಲವ. 1793 ಆದರೆ ಶೇಷ 5, ಪ್ರಜೋತ್ಪತ್ತಿ. ಹಾಗಾದರೆ ಅಂಕಿ ೬. ಶಕ 1763, ಕ್ರಿಸ್ತಶಕ 1841-42. ಓದಲಾಗದ ಅಂಕಿಯನ್ನು ಓದಬಹುದಾದ ಪದ ಹೇಳಿಕೊಟ್ಟಿತು. ಗತವರ್ಷ, ವರ್ತಮಾನವರ್ಷದ ಗೊಂದಲದಿಂದ ಒಂದು ವರ್ಷ ಆಚೀಚೆ ಆಗುವುದುಂಟು, ಆ ಟಾಲರೆನ್ಸ್ ಯಾವಾಗಲೂ ಬಿಡಬೇಕು.

ಶಕವರ್ಷ ಪೂರ್ತಿ ಅಳಿಸಿ ಪ್ಲವ ಒಂದೇ ಉಳಿದಿದ್ದರೆ 1841, 1901, 1961 ಮೂರೂ ಸಾಧ್ಯ. ತಿಥಿ, ವಾರ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಲ್ಲಿ ಕೂಡಿಸಿ ನೋಡಬಹುದು. ಆದರೆ ವಾರ ಕೂಡಿತು ಅಂತ ಕುಣಿಯಬೇಡಿ, ಏಳರಲ್ಲಿ ಒಂದು ಸಲ ಸುಮ್ಮನೆಯೂ ಕೂಡುತ್ತದೆ. ಅರವತ್ತು ವರ್ಷಗಳ ಅಂತರ ಇರುವುದರಿಂದ ಬಣ್ಣವೇ ತೀರ್ಪು ಕೊಡಬಹುದು. ಕೃತಕ ಅಲ್ಟ್ರಾಮೆರೀನ್ ನೀಲಿ ತಯಾರಾದದ್ದು 1828ರ ಹೊತ್ತಿಗೆ. ಟೈಟಾನಿಯಂ ಬಿಳಿ ಚಿತ್ರಕಾರರ ಕೈಗೆ ಬಂದದ್ದು 1920ರ ಸುಮಾರಿಗೆ. ಅದು ಮೂಲ ಪದರದಲ್ಲೇ ಇದ್ದರೆ 1901 ಕೂಡ ಬಿದ್ದುಹೋಯಿತು. ತೇಪೆಯಲ್ಲಿ ಮಾತ್ರ ಇದ್ದರೆ ರಿಪೇರಿಯ ಕಾಲ ಸಿಕ್ಕಿತು. ಚಿನ್ನದ ಶುದ್ಧತೆ ನೋಡುವ ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಇರುತ್ತದಲ್ಲ, ಅದೇ ತತ್ವದ ಕೈಯಲ್ಲಿ ಹಿಡಿಯುವ ಯಂತ್ರ ಇದನ್ನು ಚಿತ್ರಕ್ಕೆ ಗಾಯ ಮಾಡದೆ ಹೇಳುತ್ತದೆ. ಹಾಗಂತ ಪಟ ಹೊತ್ತುಕೊಂಡು ಚಿನ್ನದ ಅಂಗಡಿಗೆ ಹೋಗಬೇಡಿ, ಆ ಯಂತ್ರವನ್ನು ಚಿನ್ನಕ್ಕೆ ಅಂತಲೇ ಹೊಂದಿಸಿರುತ್ತಾರೆ.

ಸಹಿಯನ್ನು ಓದಲು ಪ್ರಯತ್ನಿಸಲೇಬೇಕು ಅನ್ನುವವರಿಗೆ: ಕಲ್ಲಿಗೆ ಮಾಡುವ ಯಾವುದನ್ನೂ ಪಟಕ್ಕೆ ಮಾಡಬೇಡಿ. ಒದ್ದೆ ಕಾಗದ ಬಡಿದು ಪಡಿಯಚ್ಚು ತೆಗೆಯುವುದು, ಸೀಮೆಸುಣ್ಣ ತೀಡುವುದು, ನೀರು ಚಿಮುಕಿಸುವುದು ಯಾವುದೂ ಬೇಡ. ಒಂದೇ ಒಂದು ವಿದ್ಯೆ ಹಾಗೇ ಹೊಂದುತ್ತದೆ, ಅಡ್ಡಬೆಳಕು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಪಟದ ಮೈಗೆ ತಾಗುವ ಹಾಗೆ ಪಕ್ಕದಿಂದ ಹಿಡಿದು, ನಾಲ್ಕೂ ಕಡೆಯಿಂದ ಒಂದೊಂದು ಫೋಟೋ. ಎಣ್ಣೆಬಣ್ಣದ ಸಹಿಗೆ ಸಣ್ಣ ಉಬ್ಬು ಇರುತ್ತದೆ, ಬಣ್ಣ ಮಾಸಿದರೂ ಉಬ್ಬು ಉಳಿದಿರುತ್ತದೆ. ಆ ಫೋಟೋಗಳನ್ನು ಡಿಸ್ಟ್ರೆಚ್ ತಂತ್ರಾಂಶಕ್ಕೆ ಹಾಕಬಹುದು. ಬಂಡೆಚಿತ್ರಗಳಿಗೆ ಅಂತ ಮಾಡಿದ್ದು, ಕಣ್ಣಿಗೆ ಒಂದೇ ಅನ್ನಿಸುವ ಕಂದುಗಳನ್ನು ಬೇರೆ ಬೇರೆ ಮಾಡಿ ತೋರಿಸುತ್ತದೆ. ಅತಿನೇರಳೆ ಟಾರ್ಚ್ ಇದ್ದರೆ ಹಳೆಯ ವಾರ್ನಿಷ್ ಹಸಿರು ಹಸಿರಾಗಿ ಹೊಳೆಯುತ್ತದೆ. ಸಹಿ ಆ ಹೊಳಪಿನ ಮೇಲೆ ಕಪ್ಪಾಗಿ ತೇಲುತ್ತಿದ್ದರೆ ಅದನ್ನು ಯಾರೋ ಆಮೇಲೆ ಸೇರಿಸಿದ್ದು ಅಂತ ಅನುಮಾನ ಪಡಬೇಕು.

ಕಂಡದ್ದನ್ನು ಬರೆದುಕೊಳ್ಳುವಾಗ ಶಾಸನಪಾಠದ ಶಿಸ್ತು ಬಿಡಬೇಡಿ. ಖಚಿತ ಅಕ್ಷರ ಹಾಗೇ, ಅನುಮಾನದ್ದು ಚೌಕ ಆವರಣದಲ್ಲಿ, ಹೋದದ್ದಕ್ಕೆ ಚುಕ್ಕಿ. "[ವೆಂ]ಕ..ಯ್ಯ" ಅಂತ ಬರೆದರೆ ಅದು ವೆಂಕಟಯ್ಯನೋ ವೆಂಕಟರಾಮಯ್ಯನೋ ಅನ್ನುವ ಜಗಳ ಮುಂದಿನವರಿಗೆ ಬಾಗಿಲು ತೆರೆದಿರುತ್ತದೆ. ನೀವೇ "ವೆಂಕಟಪ್ಪ" ಅಂತ ತುಂಬಿಬಿಟ್ಟರೆ, ಎರಡನೆಯ ಸಲ ವಾಟ್ಸಾಪಿನಲ್ಲಿ ಹೋಗುವಷ್ಟರಲ್ಲಿ ಅದು ಕೆ. ವೆಂಕಟಪ್ಪನವರ ಚಿತ್ರ ಆಗಿರುತ್ತದೆ, ಮೂರನೆಯ ಸಲಕ್ಕೆ ಬೆಲೆಯೂ ಸೇರಿರುತ್ತದೆ.

ಫೋಟೋ ಕಳಿಸುವವರಲ್ಲಿ ಒಂದೇ ಕೋರಿಕೆ: ಮೂಲೆಯ ಜೊತೆಗೆ ಪೂರ್ತಿ ಪಟ, ಪಕ್ಕದಲ್ಲಿ ಒಂದು ಸ್ಕೇಲು, ಆಮೇಲೆ ಹಿಂಬದಿ. ಹಿಂಬದಿಯನ್ನು ಯಾರೂ ಕಳಿಸುವುದಿಲ್ಲ. ಕಟ್ಟು ಹಾಕಿದ ಅಂಗಡಿಯ ಚೀಟಿ, ಮೊಳೆಯ ಜಾತಿ, ರಟ್ಟಿನ ಕೆಳಗೆ ಅಂಟಿಸಿದ ಹಳೆಯ ಪೇಪರು ಎಲ್ಲ ಅಲ್ಲೇ ಇರುತ್ತದೆ. ಪೇಪರು ಪ್ರಜಾವಾಣಿ ಆಗಿದ್ದರೆ ಆ ಕಟ್ಟು 1948ಕ್ಕಿಂತ ಹಿಂದಿನದಲ್ಲ, ಏಕೆಂದರೆ ಪ್ರಜಾವಾಣಿ ಶುರುವಾದದ್ದೇ ಆ ವರ್ಷ. ತಾರೀಖಿನ ಸಾಲು ಉಳಿದಿದ್ದರೆ ಇನ್ನೂ ಒಳ್ಳೆಯದು. ಪೇಪರನ್ನು ಕೀಳಬೇಡಿ. ಹೇಗಿದೆಯೋ ಹಾಗೇ ಫೋಟೋ ತೆಗೆದು ಕಳಿಸಿ.